ಮೊದಲು ಕೊಳಗ ಹುಡುಕಿ: ಬಡವ-ಬಲ್ಲಿದರ ಅಂತರ ಪ್ರಶ್ನಿಸಲು ಊರನ್ನು ಕೂಡಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮೂರ ಶಾಲೆಯ ಜಗಲಿಯಲ್ಲಿ ನಾನೊಂದು ಸಭೆ ಕರೆದಿದ್ದೆ. ವಿಷಯ 'ಆರ್ಥಿಕ ಅಸಮಾನತೆ'. ಅಂಕಿ-ಅಂಶಗಳನ್ನೆಲ್ಲ ಬರೆದುಕೊಂಡು ಹೋಗಿದ್ದೆ. ಬಂದವರು ಒಂಬತ್ತು ಜನ. ಅವರಲ್ಲಿ ಇಬ್ಬರು ಮಳೆ ಬಂತೆಂದು ಒಳಗೆ ನಿಂತವರು. ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಒಬ್ಬ ಅಜ್ಜಿ ಎದ್ದು, "ಚೆನ್ನಾಗಿ ಹೇಳಿದೆ ತಮ್ಮ. ಎಂತದು ಅಂತ ಗೊತ್ತಾಗಲಿಲ್ಲ ಅಷ್ಟೆ" ಅಂದರು.

ಅದೇ ಅಜ್ಜಿ ಆ ವರ್ಷದ ಅಡಿಕೆ ಕೊಯ್ಲಿನಲ್ಲಿ ನಮ್ಮ ಮನೆ ಅಂಗಳಕ್ಕೆ ಸುಲಿಯಲು ಬಂದಿದ್ದರು. ಮೆಟ್ಟುಗತ್ತಿಯ ಮೇಲೆ ಕೂತು, ತಲೆ ಎತ್ತದೆ ಹೇಳಿದರು: "ನಿಮ್ಮನೆ ಡಬ್ಬದ ಹೊಟ್ಟೆ ದೊಡ್ಡದು."

ಸುಲಿದ ಅಡಿಕೆಗೆ ಕೂಲಿ ಕೊಡುವುದು ಡಬ್ಬದ ಲೆಕ್ಕದಲ್ಲಿ. ನಮ್ಮ ಡಬ್ಬ ಹಳೆಯದು. ತಳ ಉಬ್ಬಿತ್ತು, ಮಗ್ಗುಲು ಹಿಗ್ಗಿತ್ತು. ಸಾಲದ್ದಕ್ಕೆ ಮೇಲೆ ಗೋಪುರ ಬರುವಷ್ಟು ತುಂಬಿಸಿ ಅಳೆಯುವ ರೂಢಿ. ರಾತ್ರಿ ಅಂಗಡಿಯಿಂದ ಹೊಸ ಡಬ್ಬ ತಂದು ಪಕ್ಕದಲ್ಲಿಟ್ಟು ಅಳೆದು ನೋಡಿದೆ. ಹತ್ತು ಡಬ್ಬ ಸುಲಿದವರಿಗೆ ನಾವು ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಒಂಬತ್ತರ ದುಡ್ಡು. ನಾನು ಊರಿಗೆಲ್ಲ ಅಸಮಾನತೆಯ ಪಾಠ ಹೇಳಿ ಬಂದವನು ಬೇರೆ!

ಊರಿನ ಜನರನ್ನು ಕೂಡಿಸಿ, ನ್ಯಾಯ ಕೇಳುವ ಕೆಲಸಕ್ಕೆ ಇಳಿಯಬೇಕು ಅಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾವು ಎಡವಿ ಕಲಿತದ್ದೇ ಜಾಸ್ತಿ.

ನಿಮ್ಮೂರಿನ ಕೊಳಗ ಯಾವುದು?

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಸತ್ಯಾಗ್ರಹದ ಹೆಸರು ಎಲ್ಲರೂ ಕೇಳಿದ್ದೀರಿ. ಅದು ಶುರುವಾದದ್ದು ದೊಡ್ಡ ಸಿದ್ಧಾಂತದಿಂದಲ್ಲ. ಗೇಣಿ ಭತ್ತ ಅಳೆಯುವ ಕೊಳಗದಿಂದ. ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗ ಲೆಕ್ಕಕ್ಕಿಂತ ದೊಡ್ಡದಿತ್ತು. ದೀವರ ಸಮುದಾಯದ ಗೇಣಿದಾರರಿಗೆ ಅದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ತೂಕ ಗೊತ್ತಾಗುತ್ತಿತ್ತು. ಎಚ್. ಗಣಪತಿಯಪ್ಪನವರು ಅವರನ್ನು ಕೂಡಿಸಿದರು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಜೊತೆಗೆ ನಿಂತರು. ಗೇಣಿದಾರರು ಗದ್ದೆಗಿಳಿದು ಜೈಲಿಗೆ ಹೋದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದ ಮೇಲೆ ಸುದ್ದಿ ದೇಶಕ್ಕೆಲ್ಲ ಹಬ್ಬಿತು.

ಲೋಹಿಯಾ ಬರುವ ಮೊದಲೇ ಕೊಳಗ ಅಲ್ಲಿತ್ತು ಅನ್ನುವುದನ್ನು ಮರೆಯಬೇಡಿ. ಕೈಗೆ ಸಿಗುವ ಅನ್ಯಾಯ ಮೊದಲು, ಭಾಷಣ ಆಮೇಲೆ.

ಹಾಗಾಗಿ ಮೊದಲ ತಿಂಗಳು ಏನೂ ಸಂಘಟನೆ ಮಾಡಬೇಡಿ. ಸುಮ್ನೆ ಕಿವಿಗೊಡಿ. ಬೆಳಿಗ್ಗೆ ಹಾಲಿನ ಡೇರಿ ಮುಂದೆ, ಸ್ತ್ರೀಶಕ್ತಿ ಸಂಘದ ವಾರದ ಸಭೆಯ ಹೊರಗೆ, ಬಸ್ಸಿಗೆ ಕಾಯುವ ಮರದ ಕೆಳಗೆ. ಯಾವ ಮಾತು ಮೂರು ಸಲ, ಮೂರು ಬೇರೆ ಬಾಯಿಂದ ಬಂತು ಅಂತ ಚೀಟಿಯಲ್ಲಿ ಬರೆದಿಡಿ. ನಮ್ಮೂರಲ್ಲಿ ಡಬ್ಬ ಬಿಟ್ಟರೆ ಹೆಚ್ಚು ಸಲ ಬಂದದ್ದು ಬಸ್ಸು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಮಲೆನಾಡಿನ ಎಷ್ಟೋ ರಸ್ತೆಗಳಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರ. ನಮ್ಮ ಕಡೆಯಿಂದ ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳಿಗೆ ಹೋಗಲು 40 ರೂಪಾಯಿ, ಬರಲು 40. ತಿಂಗಳಿಗೆ 26 ದಿನ. ಒಟ್ಟು 2080. ಅವಳ ಅಮ್ಮನಿಗೆ ಬರುವ ಗೃಹಲಕ್ಷ್ಮಿ ದುಡ್ಡು 2000. ಸರ್ಕಾರ ಕೊಟ್ಟದ್ದು ಪೂರಾ ಬಸ್ಸಿಗೇ ಹೋಗಿ, ಮೇಲೆ 80 ಕೈಯಿಂದ. ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುವ ಹುಡುಗಿಗೆ ಆ 2080 ಉಳಿಯುತ್ತದೆ. ಒಂದೇ ರಾಜ್ಯ, ಒಂದೇ ಯೋಜನೆ.

ಅಸಮಾನತೆ ಅಂದರೆ ಏನು ಅಂತ ಆಮೇಲೆ ನಾನು ಯಾರಿಗೂ ವಿವರಿಸಬೇಕಾಗಲಿಲ್ಲ.

ಲೆಕ್ಕ ಅವರೇ ಹಾಕಲಿ

ಆ 2080ರ ಲೆಕ್ಕ ನಾನು ಹಾಕಿದ್ದಲ್ಲ. ಹುಡುಗಿಯೇ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ, ನಾಲ್ಕು ಜನರೆದುರು ಗಟ್ಟಿಯಾಗಿ ಓದಿದಳು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಾವು ತಂದು ಕೊಟ್ಟ ಅಂಕಿಯನ್ನು ಜನ ಕೇಳಿ ಮರೆಯುತ್ತಾರೆ. ತಾವೇ ಕಂಡುಕೊಂಡ ಅಂಕಿಯನ್ನು ಮನೆಗೆ ಒಯ್ಯುತ್ತಾರೆ, ಒಲೆ ಮುಂದೆ ಕೂತು ಮತ್ತೆ ಹೇಳುತ್ತಾರೆ.

ಸಭೆ ಯಾವಾಗ ಅನ್ನುವುದೂ ಮುಖ್ಯ. ನಾಟಿ ಹೊತ್ತಿನಲ್ಲಿ ಯಾರೂ ಬರುವುದಿಲ್ಲ, ಅಡಿಕೆ ಕೊನೆ ಕೊಯ್ಲಿನಲ್ಲಂತೂ ಕೇಳಲೇಬೇಡಿ. ನಾಟಿ ಮುಗಿದು ಕೊಯ್ಲು ಶುರುವಾಗುವ ನಡುವಿನ ದಿನಗಳು ಒಳ್ಳೆಯದು. ಮಳೆ ಇರುತ್ತದೆ, ಜನ ಮನೆಯಲ್ಲೇ ಇರುತ್ತಾರೆ.

ಎಲ್ಲಿ ಅನ್ನುವುದು ಇನ್ನೂ ಮುಖ್ಯ. ಊರ ದೊಡ್ಡ ಮನೆಯ ಜಗಲಿ ವಿಶಾಲವಾಗಿರುತ್ತದೆ, ಕಾಫಿಯೂ ಬರುತ್ತದೆ. ಆದರೆ ಅಲ್ಲಿ ಯಾರು ಜಗಲಿ ಮೇಲೆ ಕೂರುತ್ತಾರೆ, ಯಾರು ಅಂಗಳದಲ್ಲಿ ನಿಲ್ಲುತ್ತಾರೆ ಅಂತ ನಮಗೆಲ್ಲ ಗೊತ್ತು. ಅಂಗಳದಲ್ಲಿ ನಿಂತವರು ಬಾಯಿ ಬಿಡುವುದಿಲ್ಲ. ಸಭೆಯನ್ನು ಕೇರಿಗೆ ಒಯ್ಯಿರಿ, ಇಲ್ಲವೇ ಅಂಗನವಾಡಿಯಲ್ಲಿ ಮಾಡಿ. ದೊಡ್ಡ ಮನೆಯವರು ಬರುವುದಿದ್ದರೆ ಅಲ್ಲಿಗೇ ಬಂದು ಚಾಪೆ ಮೇಲೆ ಕೂರಲಿ. ನಮ್ಮೂರಲ್ಲಿ ಇಬ್ಬರು ಬಂದರು, ಕೂತರು. ಹಾಗಾಗಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ.

ಹೆದರಿಕೆಗಿಂತ ಹಂಗು ದೊಡ್ಡದು

ಪೇಟೆಯಿಂದ ಬರುವ ಕಾರ್ಯಕರ್ತರು "ಜನಕ್ಕೆ ಧೈರ್ಯ ಇಲ್ಲ" ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದಾಗ ಜೀಪು ಕೊಟ್ಟವರು ಅದೇ ತೋಟದವರು. ಮಗಳ ಮದುವೆಗೆ ಕೈಸಾಲ ಕೊಟ್ಟವರೂ ಅವರೇ. ಕೇರಿಯಿಂದ ರಸ್ತೆಗೆ ಬರುವ ದಾರಿ ಹಾದುಹೋಗುವುದು ಅವರ ತೋಟದ ಬೇಲಿ ಪಕ್ಕದಲ್ಲೇ. ಅವರ ಎದುರು ಕಾಗದಕ್ಕೆ ಸಹಿ ಹಾಕು ಅಂದರೆ ಯಾರಾದರೂ ಹಿಂಜರಿಯುತ್ತಾರೆ. ಅದನ್ನು ಹೇಡಿತನ ಅನ್ನುವುದು ತಪ್ಪು.

ನಾವು ಮೂರು ಉಪಾಯ ಮಾಡಿದೆವು. ಬೇಡಿಕೆಯನ್ನು ಯಾವ ಮನುಷ್ಯನ ಮೇಲೂ ಇಡಲಿಲ್ಲ. 'ಇಂಥವರ ಡಬ್ಬ ಸರಿಯಿಲ್ಲ' ಅನ್ನಲಿಲ್ಲ. 'ಊರಿಗೆಲ್ಲ ಒಂದೇ ಅಳತೆಯ ಡಬ್ಬ ಇರಲಿ, ಕೆಜಿ ಲೆಕ್ಕವಾದರೆ ಇನ್ನೂ ಒಳ್ಳೆಯದು' ಅಂದೆವು. ಮೊದಲು ನಮ್ಮ ಮನೆ ಡಬ್ಬವನ್ನೇ ಸಭೆಗೆ ತಂದಿಟ್ಟೆ. ಜನ ನಕ್ಕರು. ಆ ನಗುವಿನಿಂದ ಅರ್ಧ ಕೆಲಸ ಆಯಿತು. ನಮ್ಮಪ್ಪ ಮಾತ್ರ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು, ಅದು ಬೇರೆ ಕತೆ.

ಎರಡನೆಯದು, ಸಹಿಗಳನ್ನು ಪಟ್ಟಿಯ ಹಾಗೆ ಒಂದರ ಕೆಳಗೊಂದು ಹಾಕಿಸಲಿಲ್ಲ. ಹಾಳೆಯ ನಡುವೆ ಬೇಡಿಕೆ ಬರೆದು, ಸುತ್ತಲೂ ದುಂಡಗೆ ಸಹಿ. ಮೊದಲು ಹಾಕಿದವರು ಯಾರು ಅಂತ ಯಾರೂ ಹೇಳಲಾರರು. ಮೂರನೆಯದು, ಮನೆಗೊಂದು ಸಹಿ ಅಲ್ಲ, ಆಳಿಗೊಂದು ಸಹಿ. ಮನೆಗೊಂದು ಅಂದರೆ ಗಂಡಸೇ ಹಾಕುತ್ತಾನೆ, ಸುಲಿಯುವವಳು ಒಳಗೇ ಉಳಿಯುತ್ತಾಳೆ.

ಬಾಗಿಲು ಸರಿಯಾಗಿ ಗುರುತಿಸಿ

ಬಸ್ಸು ಕೇಳಲು ಗ್ರಾಮ ಪಂಚಾಯಿತಿಗೆ ಹೋದರೆ ಅವರ ಕೈಯಲ್ಲಿ ಅದು ಇಲ್ಲ. ಅಲ್ಲಿ ಠರಾವು ಮಾಡಿಸಬಹುದು ಅಷ್ಟೆ. ಅರ್ಜಿ ಹೋಗಬೇಕಾದ್ದು ಸರ್ಕಾರಿ ಸಾರಿಗೆಯ ವಿಭಾಗೀಯ ಕಚೇರಿಗೆ. ಅದರ ನಕಲು ಜಿಲ್ಲಾಧಿಕಾರಿಗೆ ಮತ್ತು ಶಾಸಕರಿಗೆ. ಬಸ್ಸಿನ ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕನಿಷ್ಠ ಕೂಲಿಯ ವಿಷಯ ಕಾರ್ಮಿಕ ಇಲಾಖೆಯದು. ಹೊಸ ತುಟ್ಟಿಭತ್ಯೆ ಸೇರಿಸಿದ ದರ ಸಾಮಾನ್ಯವಾಗಿ ಏಪ್ರಿಲ್ 1ರಿಂದ ಬದಲಾಗುತ್ತದೆ. ಆ ಹಾಳೆ ತಂದು ಡೇರಿಯ ಗೋಡೆಗೆ ಅಂಟಿಸಿ, ಬೇರೇನೂ ಹೇಳಬೇಡಿ.

ಮಲೆನಾಡಿನ ದೊಡ್ಡ ಗಾಯ ಅಂದರೆ ಭೂಮಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ನಾಡಿಗೆಲ್ಲ ಕರೆಂಟು ಹೋಯಿತು. ಊರು ಮುಳುಗಿಸಿಕೊಂಡವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಕಾಡಂಚಿನಲ್ಲಿ ಸಾಗುವಳಿ ಮಾಡುವ ಉಳಿದವರ ಪಾಡೂ ಇದೇ. ಇಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ತಿಳಿದಿರಬೇಕು. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೆವು ಅಂತ ತೋರಿಸಬೇಕು. "ಅಷ್ಟು ಹಳೆಯ ಕಾಗದ ಎಲ್ಲಿಂದ ತರೋದು ಮಾರಾಯ್ರೆ?" ಅಂತ ಎಲ್ಲರೂ ಕೈಚೆಲ್ಲುತ್ತಾರೆ. ಆದರೆ ನಿಯಮದಲ್ಲಿ ಸಾಕ್ಷಿ ಅಂದರೆ ಬರೀ ಕಾಗದ ಅಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿ ಕೊಟ್ಟರೆ ಅದೂ ಒಂದು ಸಾಕ್ಷಿ. ಹಳೆಯ ಬಾವಿ, ಮನೆಯ ಅಡಿಪಾಯ, ಸಮಾಧಿ ಕೂಡ ಸಾಕ್ಷಿಗಳೇ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷಿ ಬೇಕು, ಅಷ್ಟೆ. ಇದನ್ನು ತೀರ್ಮಾನಿಸುವ ಗ್ರಾಮಸಭೆಯಲ್ಲಿ ಅರ್ಧದಷ್ಟು ಸದಸ್ಯರಿರಬೇಕು, ಬಂದವರಲ್ಲಿ ಮೂರನೇ ಒಂದರಷ್ಟು ಹೆಂಗಸರಿರಬೇಕು. ಅಷ್ಟು ಜನ ಸೇರಲಿಲ್ಲ ಅಂದರೆ ಮುಂದೆ ಯಾರಾದರೂ ಅದನ್ನೇ ಹಿಡಿದು ಅರ್ಜಿ ತಳ್ಳಿಹಾಕಬಹುದು. ಎಂಬತ್ತು ದಾಟಿದ ಅಜ್ಜ-ಅಜ್ಜಿಯರ ಹೇಳಿಕೆಯನ್ನು ಈ ವರ್ಷವೇ ಬರೆಸಿಕೊಳ್ಳಿ. ಮುಂದಿನ ವರ್ಷಕ್ಕೆ ಇಡಬೇಡಿ.

ಕಾಗದದ ಕೆಲಸ

ಒಂದು ಅರ್ಜಿ, ಒಂದೇ ಬೇಡಿಕೆ. ರಸ್ತೆ, ನೀರು, ಬಸ್ಸು, ಟವರು ಎಲ್ಲ ತುಂಬಿಸಿದರೆ ಅವರು ಸುಲಭದ್ದೊಂದನ್ನು ಮಾಡಿ, 'ಕ್ರಮ ಕೈಗೊಳ್ಳಲಾಗಿದೆ' ಅಂತ ಬರೆದು ಕಡತ ಮುಚ್ಚುತ್ತಾರೆ. ನಮ್ಮ ಬಸ್ಸಿನ ಅರ್ಜಿಯ ಮುಖ್ಯ ಭಾಗ ಇಷ್ಟೇ ಇತ್ತು: 'ಬೆಳಿಗ್ಗೆ 8ಕ್ಕೆ ಊರಿನಿಂದ ಪೇಟೆಗೆ, ಸಂಜೆ 6ಕ್ಕೆ ಪೇಟೆಯಿಂದ ಊರಿಗೆ ಒಂದು ಸರ್ಕಾರಿ ಬಸ್ಸು ಬೇಕು. ಈ ದಾರಿಯಲ್ಲಿ ದಿನಾ ಕೆಲಸಕ್ಕೆ, ಕಾಲೇಜಿಗೆ ಹೋಗುವ ಹೆಂಗಸರ ಪಟ್ಟಿ, ಅವರು ತಿಂಗಳಿಗೆ ಕೊಡುತ್ತಿರುವ ಬಸ್ ಚಾರ್ಜಿನ ಲೆಕ್ಕ ಜೊತೆಗಿದೆ. ಒಂದು ತಿಂಗಳೊಳಗೆ ಉತ್ತರ ಕೊಡಿ.' ವಿನಂತಿಗಳ ಮಾಲೆ ಬೇಡ.

ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಲೇಬೇಡಿ. ನಮ್ಮ ಮೊದಲ ಅರ್ಜಿ ಆ ಕಚೇರಿಯಲ್ಲಿ ಸಿಗಲೇ ಇಲ್ಲ. ಸೀಲು ಹಾಕಿಸಿಕೊಂಡಿರಲಿಲ್ಲ, ಹಾಗಾಗಿ ಕೇಳಲು ಬಾಯಿಯೂ ಇರಲಿಲ್ಲ. ಆರು ತಿಂಗಳು ಹಾಳು.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. 2005ರ ಕಾಯ್ದೆ, ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದಲ್ಲಿ ಮಾಹಿತಿ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 'ಯಾಕೆ ಬಸ್ಸು ಬಿಡಲಿಲ್ಲ?' ಅಂತ ಕೇಳಬೇಡಿ, 'ಯಾಕೆ'ಗೆ ಅವರು ಉತ್ತರಿಸಬೇಕಿಲ್ಲ. 'ಇಂಥ ತಾರೀಖಿನ ನಮ್ಮ ಅರ್ಜಿಯ ಮೇಲೆ ಇವತ್ತಿನವರೆಗೆ ಬರೆದ ಟಿಪ್ಪಣಿಗಳ ಪ್ರತಿ ಕೊಡಿ' ಅಂತ ಕೇಳಿ. ಟಿಪ್ಪಣಿ ಬರೆದೇ ಇಲ್ಲದಿದ್ದರೆ ಆ ವಾರವೇ ಬರೆಯುತ್ತಾರೆ, ನೋಡಿ ಬೇಕಾದರೆ.

ಜಾತಿ-ಆದಾಯ ಪತ್ರದಂಥ ದಿನನಿತ್ಯದ ಕೆಲಸಕ್ಕೆ ಸಕಾಲ ಇದೆ, ಅಂದರೆ ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ಸರ್ಕಾರಿ ವ್ಯವಸ್ಥೆ. ಅರ್ಜಿ ಕೊಟ್ಟಾಗ ಸಿಗುವ ಸಕಾಲದ ನಂಬರ್ ಇಟ್ಟುಕೊಂಡರೆ ಸಾಕು.

ಗ್ರಾಮಸಭೆಯನ್ನು ಬಿಟ್ಟುಕೊಡಬೇಡಿ

ವರ್ಷಕ್ಕೆ ಎರಡಾದರೂ ಗ್ರಾಮಸಭೆ ಆಗಬೇಕು. ಎಷ್ಟೋ ಕಡೆ ಅದು ಮೈಕಿನ ಪೂಜೆ, ಹೂವಿನ ಹಾರ, ಊಟ. ಮಾತು ಮುಗಿದ ಮೇಲೆ ನಡಾವಳಿ ಪುಸ್ತಕ ಸುತ್ತು ಬರುತ್ತದೆ, ಜನ ಸಹಿ ಹಾಕಿ ಹೋಗುತ್ತಾರೆ. ನೀವು ಮಾಡಬೇಕಾದ್ದು ಒಂದೇ: ನಿಮ್ಮ ಬೇಡಿಕೆಯನ್ನು ಬರೆದೇ ಒಯ್ಯಿರಿ, ಓದಿ, ಅದನ್ನು ನಡಾವಳಿಯಲ್ಲಿ ಬರೆಯುವವರೆಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪಕ್ಕದಲ್ಲೇ ನಿಲ್ಲಿ. ಕೆಳಗೆ ಖಾಲಿ ಜಾಗ ಬಿಟ್ಟ ಪುಟಕ್ಕೆ ಸಹಿ ಹಾಕಬೇಡಿ. ಓದುವುದು ಹೆಂಗಸರಾದರೆ ಒಳ್ಳೆಯದು. ನಮ್ಮಲ್ಲಿ ಬಟ್ಟೆ ಅಂಗಡಿಯ ಆ ಹುಡುಗಿಯೇ ಓದಿದಳು. ಕೈ ನಡುಗುತ್ತಿತ್ತು, ಆದರೂ 2080 ಅನ್ನುವಾಗ ಧ್ವನಿ ಗಟ್ಟಿಯಾಯಿತು.

ದೊಡ್ಡ ಲೆಕ್ಕಕ್ಕೆ ಈಗ ಬನ್ನಿ

ಒಂದು ಬಸ್ಸು, ಒಂದು ಡಬ್ಬ ಸರಿಯಾದರೆ ದೇಶದ ಅಸಮಾನತೆ ಹೋಗುವುದಿಲ್ಲ, ಒಪ್ಪಿದೆ. ಆದರೆ ಒಂದನ್ನು ಗೆದ್ದ ಜನ ಮುಂದಿನ ಪ್ರಶ್ನೆಯನ್ನು ತಾವೇ ಕೇಳುತ್ತಾರೆ: "ಬಸ್ಸಿಗೆ ದುಡ್ಡಿಲ್ಲ ಅಂತಾರಲ್ಲ, ದುಡ್ಡು ಎಲ್ಲಿ ಹೋಗುತ್ತೆ?"

ಆಗ ನೂರು ಗೋಟಡಿಕೆ ತನ್ನಿ. ಚಾಪೆ ಮೇಲೆ ಸುರಿಯಿರಿ. ದೇಶದ ಆಸ್ತಿಯೆಲ್ಲ ಈ ನೂರು ಅಡಿಕೆ, ದೇಶದ ಜನವೆಲ್ಲ ನೂರು ಮಂದಿ ಅನ್ನಿ. 2024ರಲ್ಲಿ ವಿಶ್ವ ಅಸಮಾನತೆ ಪ್ರಯೋಗಾಲಯದ ಅರ್ಥಶಾಸ್ತ್ರಜ್ಞರು 2022-23ರ ಸಾಲಿಗೆ ಕೊಟ್ಟ ಅಂದಾಜಿನಂತೆ ಮೇಲಿನ ಒಬ್ಬನ ಮುಂದೆ 40 ಅಡಿಕೆ ಇಡಬೇಕು. ಕೆಳಗಿನ ಐವತ್ತು ಜನರ ಮುಂದೆ ಎಲ್ಲ ಸೇರಿ ಆರು ಚಿಲ್ಲರೆ. ನಮ್ಮೂರಲ್ಲಿ ಇದನ್ನು ಮಾಡಿದಾಗ ಯಾರೂ ಮಾತಾಡಲಿಲ್ಲ. ಒಬ್ಬ ಹುಡುಗ ಮಾತ್ರ ಆರು ಅಡಿಕೆಯನ್ನು ಐವತ್ತು ಜನಕ್ಕೆ ಹಂಚಲು ಅಡಕತ್ತರಿ ಕೇಳಿದ.

"ತೆರಿಗೆ ಕಟ್ಟುವವರು ಶ್ರೀಮಂತರು, ತಿನ್ನುವವರು ಬಡವರು" ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ತಯಾರಿರಿ. ಮೈಗೆ ಹಚ್ಚುವ ಸೋಪಿನ ಮೇಲೆ 2025ರ ಸೆಪ್ಟೆಂಬರ್‌ವರೆಗೆ ಶೇ 18 ಜಿಎಸ್‌ಟಿ ಇತ್ತು, ಆಮೇಲೆ ಶೇ 5 ಆಯಿತು. ಕೂಲಿಯವಳೂ ಕೋಟ್ಯಧಿಪತಿಯೂ ಆ ಸೋಪಿಗೆ ಕಟ್ಟುವ ತೆರಿಗೆ ಒಂದೇ. ಅದೇ ದೇಶದಲ್ಲಿ ಸತ್ತವರು ಬಿಟ್ಟುಹೋದ ದೊಡ್ಡ ಆಸ್ತಿಯ ಮೇಲಿನ ತೆರಿಗೆ 1985ರಲ್ಲಿ ರದ್ದಾಯಿತು. 1957ರಿಂದ ಇದ್ದ ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್‌ನಲ್ಲಿ ತೆಗೆದುಹಾಕಿದರು. ಆ ತೆರಿಗೆಯಿಂದ ಹೆಚ್ಚು ದುಡ್ಡು ಬರುತ್ತಿರಲಿಲ್ಲ, ವಸೂಲಿ ಕಷ್ಟ ಅನ್ನುವುದು ಸರ್ಕಾರದ ವಾದ. ಅದನ್ನೂ ಸಭೆಯಲ್ಲಿ ಹೇಳಿ. ಒಂದೇ ಕಡೆಯ ಮಾತು ಹೇಳಿದರೆ, ಮರುದಿನ ಇನ್ನೊಬ್ಬ ಬಂದು ಇನ್ನೊಂದು ಕಡೆಯದ್ದು ಹೇಳಿದಾಗ ಜನ ನಿಮ್ಮನ್ನೇ ಅನುಮಾನಿಸುತ್ತಾರೆ.

ಆದಾಯದ ಅಂತರ ಕಡಿಮೆ ಮಾಡಲು ಸರ್ಕಾರ ಶ್ರಮಿಸಬೇಕು ಅಂತ ಸಂವಿಧಾನದ 38ನೇ ವಿಧಿಯಲ್ಲೇ ಇದೆ. ಅದರ ಕನ್ನಡ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಇಟ್ಟುಕೊಳ್ಳಿ. ಸಂಪತ್ತಿನ ತೆರಿಗೆಯ ಪ್ರಶ್ನೆ ಸಂಸದರಿಗೆ. ಬಸ್ಸು, ಆಸ್ಪತ್ರೆ, ಶಾಲೆಯ ದುಡ್ಡಿನ ಪ್ರಶ್ನೆ ಶಾಸಕರಿಗೆ, ಅದೂ ರಾಜ್ಯ ಬಜೆಟ್‌ಗೆ ಮೊದಲು, ಡಿಸೆಂಬರ್-ಜನವರಿಯಲ್ಲೇ. ಚುನಾವಣೆ ಬಂದಾಗ ಎಲ್ಲ ಪಕ್ಷದವರಿಗೂ ಇವೇ ಪ್ರಶ್ನೆ ಕೊಡಿ, ಉತ್ತರ ಬರೆಸಿಕೊಳ್ಳಿ. ಒಂದು ಪಕ್ಷದ ಬಾವುಟ ಹಿಡಿದರೆ ಅರ್ಧ ಊರು ಆ ಸಂಜೆಯೇ ಎದ್ದು ಹೋಗುತ್ತದೆ.

ತಡ ಆಗುತ್ತದೆ, ಅದನ್ನು ಮೊದಲೇ ಹೇಳಿ

ಕಾಗೋಡಿನ ಸತ್ಯಾಗ್ರಹ 1951. ಗೇಣಿದಾರರಿಗೆ ಭೂಮಿ ಕೊಡಿಸಿದ ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ನಡುವೆ 23 ವರ್ಷ. ನಮ್ಮಜ್ಜ ಗೇಣಿ ಜಮೀನಿನ ಹಕ್ಕು ಕೇಳುವ 7ನೇ ನಮೂನೆ ತುಂಬಿ, ಭೂ ನ್ಯಾಯಮಂಡಳಿ ಮುಂದೆ ನಿಂತು ಜಮೀನು ಪಡೆದವರು. ಅದೇ ಅಜ್ಜನ ಮನೆಯ ಡಬ್ಬದ ಹೊಟ್ಟೆ ಆಮೇಲೆ ದೊಡ್ಡದಾಯಿತು. ಗೇಣಿದಾರನಿಗೆ ಭೂಮಿ ಬಂತು, ಅವನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಹುಪಾಲು ಬರಲಿಲ್ಲ. ಸಭೆಯಲ್ಲಿ ನಾನು ಇದನ್ನೂ ಹೇಳುತ್ತೇನೆ. ಗೆದ್ದ ಮೇಲೆ ಯಾರು ಹೊರಗುಳಿದರು ಅಂತ ಎಣಿಸದಿದ್ದರೆ ಅವರು ಎರಡನೇ ಸಲ ಬರುವುದಿಲ್ಲ.

ತುಮರಿಯ ಕಡೆಯವರು ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯುತ್ತಾ ತಲೆಮಾರುಗಳನ್ನೇ ಕಳೆದರು. ಸೇತುವೆ ಆದದ್ದು 2025ರ ಜುಲೈಯಲ್ಲಿ. ಅಷ್ಟು ವರ್ಷ ಅವರು ಕೇಳುವುದನ್ನು ಬಿಡಲಿಲ್ಲ.

ಹಾಗಾಗಿ ಕಡತವನ್ನು ಒಬ್ಬರ ಮನೆಯಲ್ಲೇ ಇಡಬೇಡಿ, ವರ್ಷಕ್ಕೊಮ್ಮೆ ಕೈ ಬದಲಾಗಲಿ. ನಾಯಕ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಹೋರಾಟವೂ ಅವನ ಜೊತೆ ಬಸ್ಸು ಹತ್ತಬಾರದು. ತಿಂಗಳಿಗೊಂದು ಸಭೆ, ಒಂದು ಗಂಟೆ ಮಾತ್ರ. ಮಧ್ಯೆ ಒಂದೆರಡು ಸಣ್ಣ ಗೆಲುವು ಇರಲಿ, ಬೀದಿ ದೀಪದ್ದಾದರೂ ಸರಿ.

ನಮ್ಮೂರಲ್ಲಿ ಈಗ ಹೆಚ್ಚಿನ ಮನೆಗಳಲ್ಲಿ ಸುಲಿತದ ಲೆಕ್ಕ ತಕ್ಕಡಿಯಲ್ಲಿ. ಎರಡು ಮನೆಯವರು ಇನ್ನೂ ಡಬ್ಬ ಬಿಟ್ಟಿಲ್ಲ. ಸರ್ಕಾರಿ ಬಸ್ಸು ಬೆಳಿಗ್ಗೆ, ಸಂಜೆ ಬರುತ್ತದೆ, ಭಾನುವಾರ ಇಲ್ಲ. ಬಟ್ಟೆ ಅಂಗಡಿಗೆ ರಜೆ ಮಂಗಳವಾರ, ಭಾನುವಾರವೇ ಅಲ್ಲಿ ವ್ಯಾಪಾರ ಜಾಸ್ತಿ. ಭಾನುವಾರದ ಬಸ್ಸಿನ ಅರ್ಜಿಗೆ ಸೀಲು ಬಿದ್ದು ಐದು ವಾರ ಆಯಿತು. ಕಡತ ಈ ವರ್ಷ ಅಂಗನವಾಡಿ ಸಹಾಯಕಿ ಅಕ್ಕನ ಹತ್ತಿರ ಇದೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಅವರು ಬರೆದಾಗಿದೆ, ನಿನ್ನೆ ಎಣಿಸಿದಾಗ 163 ಪದ ಇತ್ತು. ಹದಿಮೂರು ತೆಗೆಯಬೇಕು.